2,60,000 ಕಿ.ಮೀ. ಓಡಿದ ಮನೆ ಗಾಡಿ: ಗೇರ್‌ಬಾಕ್ಸ್ ಮಾಡಿಸೋದಾ, ಗಾಡಿಯನ್ನೇ ಬದಲಿಸೋದಾ?

ಏಳುಸೀಟು

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ಸೀಟಿನ ವ್ಯಾನ್. ಪೆಟ್ರೋಲ್, ಆಟೋಮ್ಯಾಟಿಕ್. 14 ವರ್ಷ ಆಗಿದೆ, ಮೀಟರ್ 2,60,000 ಕಿ.ಮೀ. ದಾಟಿದೆ. ಷೋರೂಮಿನಿಂದ ಹೊರಗೆ ಬಂದ ದಿನದಿಂದ ನಮ್ಮ ಕೈಯಲ್ಲೇ ಇದೆ. ಇಲ್ಲಿಯವರೆಗೆ ದಾರಿಯಲ್ಲಿ ಕೈಕೊಟ್ಟಿಲ್ಲ.

ಈಗ ಕೆಲವು ವಾರದಿಂದ ಗೇರ್ ಸ್ಲಿಪ್ ಆಗುತ್ತಿದೆ. ಎರಡರಿಂದ ಮೂರಕ್ಕೆ ಬೀಳುವಾಗ ಇಂಜಿನ್ ಒಮ್ಮೆಲೇ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ, ಆಮೇಲೆ ಧಡ್ ಅಂತ ಗೇರ್ ಹಿಡಿಯುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಮತ್ತು ತಿರುವುಗಳಲ್ಲಿ ಜಾಸ್ತಿ. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ ನೋಡಿ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಿ ಮಾಡಬೇಕು ಅಂದರು. ಅವರು ಹೇಳಿದ ಖರ್ಚು, ಗಾಡಿ ಚೆನ್ನಾಗಿದ್ದಾಗ ಮಾರಿದರೆ ಬರುವ ದುಡ್ಡಿಗಿಂತಲೂ ಜಾಸ್ತಿ! ಅದರ ಮೇಲೆ ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ಜೊತೆ ತಾಳಕ್ಕೆ ಸರಿಯಾಗಿ ಓಡಿಸುವ ಬೆಲ್ಟ್) ಬದಲಿಸುವ ಹೊತ್ತೂ ಬಂದಿದೆ.

ಯಜಮಾನರು ಮಾರಿಬಿಡೋಣ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬರೀ ಮಮತೆ ಅಂದುಕೊಳ್ಳಬೇಡಿ. ಅತ್ತೆಗೆ ಮಂಡಿ ನೋವು. ಈ ಗಾಡಿಯ ಜಾರುವ ಬಾಗಿಲು, ತಗ್ಗಿನಲ್ಲಿರುವ ನೆಲ, ಕೈಗೆ ಸಿಗುವ ಹಿಡಿ, ಇವೆಲ್ಲ ಇರುವುದರಿಂದಲೇ ಅವರು ಯಾರ ಸಹಾಯವೂ ಇಲ್ಲದೆ ಹತ್ತುತ್ತಾರೆ. ನಾವು ನೋಡಿದ ಎತ್ತರದ ಗಾಡಿಗಳಲ್ಲಿ ಒಂದಕ್ಕೂ ಅವರಿಗೆ ಹತ್ತಲು ಆಗಲಿಲ್ಲ. ಮಗಳು ಬೇರೆ ಈಗ ಡ್ರೈವಿಂಗ್ ಕಲಿಯುತ್ತಿದ್ದಾಳೆ.

ಇಂಥ ಸಂದರ್ಭದಲ್ಲಿ ಹೇಗೆ ತೀರ್ಮಾನ ಮಾಡಬೇಕು? ಯಾವುದನ್ನು ಮೊದಲು ನೋಡಬೇಕು?

ಹೆಡ್‌ಲೈಟ್

ರಿಪೇರಿ ಖರ್ಚು ಗಾಡಿ ಬೆಲೆಯ ಅರ್ಧ ದಾಟಿದರೆ ಮಾರಿಬಿಡಬೇಕು. ಎಲ್ಲರೂ ಹೇಳುವ ಲೆಕ್ಕ ಇದೇ. ನಿಮ್ಮದು ಅರ್ಧ ಅಲ್ಲ, ಪೂರ್ತಿ ಬೆಲೆಯನ್ನೇ ದಾಟಿದೆ. ಈಗ ಗೇರ್‌ಬಾಕ್ಸ್, ನಾಳೆ ಎಸಿ ಕಂಪ್ರೆಸರ್, ನಾಡಿದ್ದು ರೇಡಿಯೇಟರ್. ಇದು ಮುಗಿಯುವ ಕಥೆ ಅಲ್ಲ ಅಕ್ಕ. ಯಜಮಾನರ ಮಾತು ಕೇಳಿ.

ಲೆಕ್ಕದಪುಸ್ತಕ

ಆ ಅರ್ಧದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಗಾಡಿಯ ಮಾರಾಟದ ಬೆಲೆ ಮಾರುವವರಿಗೆ ಬೇಕು. ಇಟ್ಟುಕೊಳ್ಳುವವರಿಗೆ ಬೇಕಾಗಿದ್ದು ಬೇರೆ. ಮುಂದಿನ ಎರಡು ವರ್ಷ ಮನೆಯವರೆಲ್ಲ ಓಡಾಡುವುದಕ್ಕೆ ಯಾವ ದಾರಿಯಲ್ಲಿ ಎಷ್ಟು ದುಡ್ಡು ಹೋಗುತ್ತದೆ ಅನ್ನುವುದು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಗಾಡಿ ಚೆನ್ನಾಗಿದ್ದಾಗ ಅದರ ಬೆಲೆ 100 ಅಂತ ಇಟ್ಟುಕೊಳ್ಳಿ. ರಿಪೇರಿಗೆ 120. ಈಗ ಇದ್ದ ಹಾಗೇ ಮಾರಿದರೆ ಯಾರೂ 100 ಕೊಡಲ್ಲ. ಗೇರ್ ಸ್ಲಿಪ್ ಆಗುವ ಗಾಡಿಗೆ 40 ಸಿಗಬಹುದು. ರಿಪೇರಿ ಮಾಡಿಸಿ ಎರಡು ವರ್ಷ ಓಡಿಸಿ ಮಾರಿದರೆ 50 ಬರುತ್ತದೆ ಅಂದುಕೊಳ್ಳಿ. ಅಂದರೆ ನಿಮ್ಮ ಕೈಯಿಂದ ಹೋಗುವುದು 120, ಈಗ ಬಿಟ್ಟುಕೊಟ್ಟಿದ್ದು 40, ಆಮೇಲೆ ವಾಪಸ್ ಬಂದಿದ್ದು 50. ನಿವ್ವಳ 110.

ಇನ್ನೊಂದು ದಾರಿ. ಸುಮಾರಾಗಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಗಾಡಿಗೆ 500. ಎರಡು ವರ್ಷದಲ್ಲಿ ಅದು 350ಕ್ಕೆ ಇಳಿಯುತ್ತದೆ. ಇಳಿದಿದ್ದು 150. ಸಾಲದ ಬಡ್ಡಿ 60, ಹೆಚ್ಚುವರಿ ವಿಮೆ 20. ನಿವ್ವಳ 230.

ವ್ಯತ್ಯಾಸ 120. ಅಂದರೆ ರಿಪೇರಿ ಆದ ಹಳೆ ಗಾಡಿಗೆ ಎರಡು ವರ್ಷದಲ್ಲಿ ಇನ್ನೂ 120ರಷ್ಟು ಬೇರೆ ಕೆಲಸ ಬಂದರೂ ಎರಡು ದಾರಿಯೂ ಸಮ ಆಗುತ್ತವೆ. ಬದಲಿಗೆ ತಂದ ಗಾಡಿಗೂ ಟೈರ್, ಬ್ಯಾಟರಿ, ಸರ್ವೀಸ್ ಇದ್ದೇ ಇರುತ್ತದೆ, ಅದನ್ನು ನಾನು ಸೇರಿಸಿಲ್ಲ.

ಆದರೆ ಗಾಡಿ ಎಂಟೇ ತಿಂಗಳಿಗೆ ಕೈಕೊಟ್ಟು ಗುಜರಿಗೆ 15ಕ್ಕೆ ಹೋಯಿತು ಅಂದುಕೊಳ್ಳಿ. ಆಗ 145 ಹೋಯಿತು, ತಿಂಗಳಿಗೆ 18. ಬದಲಿ ಗಾಡಿಯ ತಿಂಗಳ ಲೆಕ್ಕ 10 ಕೂಡ ಆಗಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ಈ ರಿಪೇರಿ ಎಷ್ಟು ತಿಂಗಳನ್ನು ಕೊಂಡುಕೊಡುತ್ತದೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಗಾಡಿಯ ಕೆಳಗೆ ಮಲಗಿ ನೋಡುವವರು ಹೇಳಬೇಕು. ನಿಮ್ಮ ಊರಿನ ನಿಜವಾದ ಬೆಲೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಹೆಡ್‌ಲೈಟ್

ಲೆಕ್ಕ ಸರಿ ಇದೆ ಸರ್, ಆದರೆ ಮಳೆಯಲ್ಲಿ ಮಕ್ಕಳ ಜೊತೆ ರಸ್ತೆ ಬದಿಯಲ್ಲಿ ನಿಲ್ಲುವುದಕ್ಕೆ ನಿಮ್ಮ ಲೆಕ್ಕದಲ್ಲಿ ಜಾಗ ಎಲ್ಲಿದೆ? ನಂಬಿಕೆ ಹೋದ ಗಾಡಿಯನ್ನು ಯಾರೂ ದೂರ ತೆಗೆದುಕೊಂಡು ಹೋಗಲ್ಲ. ಆಗ ಅದು ಇದ್ದೂ ಇಲ್ಲದ ಹಾಗೆ.

ಲೆಕ್ಕದಪುಸ್ತಕ

ಒಪ್ಪಿದೆ. ದೂರದ ಪ್ರಯಾಣಕ್ಕೆ ಪ್ರತಿ ಸಲ ಬಾಡಿಗೆ ಗಾಡಿ ಮಾಡುವ ಪರಿಸ್ಥಿತಿ ಬಂದರೆ ಆ ಬಾಡಿಗೆಯನ್ನೂ ಹಳೆ ಗಾಡಿಯ ತಲೆಗೇ ಹಾಕಬೇಕು.

ಗ್ರೀಸ್‌ಕೈ

ನಾನು ಗ್ಯಾರೇಜ್ ನಡೆಸುವವನು. ಕೂದಲು ಬೆಳ್ಳಗಾಗಿದ್ದೇ ಈ ಕೆಲಸದಲ್ಲಿ. ಅಮ್ಮ, ಮೊದಲು ಒಂದು ಮಾತು. ನಿಮ್ಮ ಗೇರ್‌ಬಾಕ್ಸ್ ಹೋಗಿದೆ ಅಂತ ಇನ್ನೂ ಯಾರೂ ತೋರಿಸಿಲ್ಲ. ಒಂದು ರೌಂಡ್ ಓಡಿಸಿ ಹೇಳಿದ್ದನ್ನು ನಂಬಿ ಮಾರುವುದೂ ಬೇಡ, ಮಾಡಿಸುವುದೂ ಬೇಡ.

ತಣ್ಣಗಿರುವಾಗ ಮತ್ತು ತಿರುವಿನಲ್ಲಿ ಜಾಸ್ತಿ ಸ್ಲಿಪ್ ಆಗುತ್ತದೆ ಅಂದಿರಲ್ಲ, ಅದನ್ನು ಓದಿದ ತಕ್ಷಣ ನನ್ನ ತಲೆಗೆ ಬಂದಿದ್ದು ಆಯಿಲ್ ಮಟ್ಟ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೀ ನಯ ಮಾಡುವುದಕ್ಕಲ್ಲ. ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವ ಬಲವೇ ಅದು. ಮಟ್ಟ ಇಳಿದರೆ ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಸರಿಯುತ್ತದೆ, ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಜಾರುತ್ತದೆ. ಬಿಸಿಯಾದಾಗ ಆಯಿಲ್ ಹಿಗ್ಗಿ ಮಟ್ಟ ಸ್ವಲ್ಪ ಏರುವುದರಿಂದ ಸರಿ ಹೋದ ಹಾಗೆ ಕಾಣಿಸುತ್ತದೆ. ಕ್ಲಚ್ ಸವೆದ ಗೇರ್‌ಬಾಕ್ಸುಗಳು ಸಾಮಾನ್ಯವಾಗಿ ಬಿಸಿಯಾದ ಮೇಲೆ ಇನ್ನೂ ಹದಗೆಡುತ್ತವೆ. ಇದು ನಿಯಮ ಅಲ್ಲ, ಸುಳಿವು.

ಹಾಗಾಗಿ ಹೀಗೆ ಮಾಡಿಸಿ. ಕೆಲವು ಗಾಡಿಗಳಲ್ಲಿ ಇದಕ್ಕೆ ಡಿಪ್‌ಸ್ಟಿಕ್ ಇರುತ್ತದೆ, ಕೆಲವದರಲ್ಲಿ ಇರಲ್ಲ, ಕೆಳಗಿನ ಪ್ಲಗ್ ಬಿಚ್ಚಿ ಗಾಡಿಯ ಪುಸ್ತಕ ಹೇಳಿದ ಬಿಸಿಯಲ್ಲೇ ನೋಡಬೇಕು. ಆಯಿಲಿನ ಎರಡು ಹನಿ ಬಿಳಿ ಪೇಪರ್ ಮೇಲೆ ಬಿಡಿ. ಕೆಂಪಾಗಿದ್ದರೆ ಒಳ್ಳೆಯದು. ಕಂದು ಆಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸುಟ್ಟಿದೆ. ಹಾಲು ಬೆರೆಸಿದ ಹಾಗೆ ನಸುಗೆಂಪಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲೆಂಟ್ ಸೇರಿದೆ ಅಂತ ಅರ್ಥ. ಅದು ಕೆಟ್ಟ ಸುದ್ದಿ, ನೀರಿನಂಶ ಕ್ಲಚ್ ಲೈನಿಂಗನ್ನು ಕಿತ್ತುಹಾಕುತ್ತದೆ.

ಆಮೇಲೆ ಕೆಳಗಿನ ಪ್ಯಾನ್ ಬಿಚ್ಚಿಸಿ. ಅದರೊಳಗೆ ಒಂದು ಮ್ಯಾಗ್ನೆಟ್ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಹೆದರಬೇಡಿ, ಇಷ್ಟು ಓಡಿದ ಮೇಲೆ ಅದು ಇರಲೇಬೇಕು. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರುಗಳು ಸಿಕ್ಕರೆ ಗೇರ್‌ಬಾಕ್ಸ್ ಒಳಗೆ ಏನೋ ಒಡೆದಿದೆ. ನೀವೇ ಪಕ್ಕದಲ್ಲಿ ನಿಂತು ನೋಡಿ, ಬೆರಳು ಹಚ್ಚಿ.

ಸ್ಕ್ಯಾನರ್ ಹಾಕಿದಾಗ ಪಿ0700 ಅಂತ ಮಾತ್ರ ಬಂದರೆ ಅದನ್ನು ತೀರ್ಪು ಅಂದುಕೊಳ್ಳಬೇಡಿ. ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಇದೆ, ಹೋಗಿ ಅದನ್ನು ಓದಿ ಅಂತ ಅಷ್ಟೇ ಅದರ ಅರ್ಥ. ಅಗ್ಗದ ಸ್ಕ್ಯಾನರಿಗೆ ಆ ಒಳಗಿನ ಕೋಡ್ ಓದಲು ಬರಲ್ಲ. ಎಷ್ಟೋ ಸಲ ಅಲ್ಲಿರುವುದು ಸೊಲೆನಾಯ್ಡ್ ಕೋಡ್, ಅಂದರೆ ಆಯಿಲಿನ ದಾರಿ ತೆರೆದು ಮುಚ್ಚುವ ಕರೆಂಟಿನ ವಾಲ್ವಿನದು. ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸದೆಯೇ ಸೊಲೆನಾಯ್ಡ್ ಬದಲಿಸಬಹುದು.

ಇದೆಲ್ಲ ಆದಮೇಲೆ ಗೇರ್‌ಬಾಕ್ಸನ್ನು ಮರೆತುಬಿಡಿ. ಗಾಡಿಯನ್ನು ಲಿಫ್ಟಿಗೆ ಏರಿಸಿ ತುಕ್ಕು ನೋಡಿಸಿ. ಗೇರ್‌ಬಾಕ್ಸ್ ಬದಲಿಸಬಹುದು, ಇಂಜಿನ್ ಬದಲಿಸಬಹುದು. ಬಾಡಿ ಹೋದರೆ ಬದಲಿಸಲು ಏನೂ ಉಳಿಯಲ್ಲ. 2,60,000 ಅನ್ನುವ ಅಂಕಿಗೆ ನಾನು ಹೆದರುವುದಿಲ್ಲ, ಹಿಂದಿನ ಆಕ್ಸಲ್ ಹಿಡಿದಿರುವ ಜಾಗದ ತುಕ್ಕಿಗೆ ಹೆದರುತ್ತೇನೆ. ಸ್ಕ್ರೂ ಡ್ರೈವರ್ ತೆಗೆದುಕೊಂಡು ಜಾಕ್ ಇಡುವ ಜಾಗ, ಬಾಗಿಲ ಕೆಳಗಿನ ಸಿಲ್, ಸಸ್ಪೆನ್ಷನ್ ಕೂರುವ ಜಾಗ, ಇಲ್ಲೆಲ್ಲ ಬಲವಾಗಿ ಒತ್ತಿ ನೋಡಬೇಕು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ಕೊಳೆತಿದ್ದರೆ ಕರಕರ ಅಂದು ಒಳಗೆ ಹೋಗುತ್ತದೆ. ಬ್ರೇಕ್ ಪೈಪುಗಳನ್ನೂ ಕೈಯಲ್ಲಿ ಸವರಿ ನೋಡಲಿ.

ಇಷ್ಟಕ್ಕೆ ಅರ್ಧ ದಿನ ಹಿಡಿಯುತ್ತದೆ. ಕೂಲಿ ಕೊಟ್ಟು ಮಾಡಿಸಿ, ಬಿಟ್ಟಿ ಮಾಡಿಸಬೇಡಿ. ಬಿಟ್ಟಿ ತಪಾಸಣೆ ಮಾಡಿದವರಿಗೆ ರಿಪೇರಿ ಸಿಕ್ಕರೆ ಮಾತ್ರ ಲಾಭ, ಕೂಲಿ ಪಡೆದವರಿಗೆ ನಿಜ ಹೇಳುವುದರಿಂದ ನಷ್ಟ ಇಲ್ಲ.

ಏಳುಸೀಟು

ತುಂಬಾ ಧನ್ಯವಾದ ಸರ್. ಆಯಿಲ್ ನೋಡಿದರಾ ಅಂತ ಕೇಳಿದೆ. ನೋಡಿಲ್ಲವಂತೆ. ಬೇರೆ ಕಡೆ ಸಮಯ ತೆಗೆದುಕೊಂಡಿದ್ದೇನೆ, ಲಿಫ್ಟ್ ಇರುವ ಜಾಗ.

ರಾತ್ರಿಪಾಳಿ

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ಅಪಘಾತ ಆದವರನ್ನು ಕರೆತರುವುದು ನಮ್ಮ ಹತ್ತಿರಕ್ಕೇ. ಹಾಗಾಗಿ ಈ ಚರ್ಚೆಯಲ್ಲಿ ಯಾರೂ ಎತ್ತದ ವಿಷಯ ಎತ್ತುತ್ತೇನೆ.

14 ವರ್ಷದ ಗಾಡಿ ಅಂದಿರಿ. ಅದರಲ್ಲಿ ಇಎಸ್‌ಸಿ ಇದೆಯಾ ನೋಡಿ. ಗಾಡಿ ಜಾರಿ ತಿರುಗಲು ಶುರು ಮಾಡಿದಾಗ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಅದು. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ ಆಯಿತು, ಯುರೋಪಿನಲ್ಲಿ 2014ರ ನವೆಂಬರ್‌ನಿಂದ. ಅಂದರೆ ನಿಮ್ಮ ಗಾಡಿ ಸರಿಯಾಗಿ ಗಡಿಯಲ್ಲಿದೆ. ಇರಲೂಬಹುದು, ಇಲ್ಲದೆಯೂ ಇರಬಹುದು. ಬೇರೆ ಗಾಡಿ ಇಲ್ಲದೆ ತಾನೊಂದೇ ರಸ್ತೆ ಬಿಟ್ಟು ಹೋಗಿ ಜೀವ ಹೋಗುವ ಅಪಘಾತಗಳನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಅಂತ ಅಮೆರಿಕದ ರಸ್ತೆ ಸುರಕ್ಷತೆಯ ಸಂಸ್ಥೆ ಐಐಎಚ್‌ಎಸ್ ಲೆಕ್ಕ ಹಾಕಿದೆ. ಡ್ರೈವಿಂಗ್ ಕಲಿಯುತ್ತಿರುವ ಮಗಳು ಇದ್ದಾಳೆ ಅಂದಿರಲ್ಲ, ಅವಳಿಗೆ ಇದು ದೊಡ್ಡ ಮಾತು.

ಎರಡನೆಯದು, ಪಕ್ಕದ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನ ತನಕ ಬರುತ್ತದಾ? ಹಿಂದಿನ ಸಾಲಿನಲ್ಲಿ ಕೂರುವವರು ಯಾರು?

ಮೂರನೆಯದು ರೀಕಾಲ್. ನಿಮ್ಮ ಗಾಡಿಯ ವಯಸ್ಸಿನ ಗಾಡಿಗಳ ಕಾಲದಲ್ಲೇ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ತೊಂದರೆ ಬಂದಿದ್ದು. ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ, ತೇವ ಕುಡಿದು ಹಾಳಾಗಿ, ಏರ್‌ಬ್ಯಾಗ್ ತೆರೆಯುವಾಗ ಲೋಹದ ಚೂರುಗಳು ಸಿಡಿಯುತ್ತಿದ್ದವು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆದರು. ನಿಮ್ಮ ಗಾಡಿ ಆ ಪಟ್ಟಿಯಲ್ಲಿದೆಯಾ ಅಂತ ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲಿ ಇವತ್ತೇ ಕೇಳಿ. ಇಟ್ಟುಕೊಳ್ಳುತ್ತೀರೋ ಮಾರುತ್ತೀರೋ, ಅದಕ್ಕಾಗಿ ಕಾಯಬೇಡಿ.

ಗಾಡಿ ಬದಲಿಸಿ ಅಂತ ನಾನು ಹೇಳುತ್ತಿಲ್ಲ. ದುಡ್ಡಿನ ಲೆಕ್ಕದ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಹೆಡ್‌ಲೈಟ್

ಇದನ್ನೇ ನಾನು ಹೇಳಬೇಕು ಅಂತಿದ್ದೆ, ಇಷ್ಟು ಚೆನ್ನಾಗಿ ಹೇಳಲು ಬರಲಿಲ್ಲ.

ದೂರದಾರಿ

ಮೀಟರ್ ನೋಡಿ ಗಾಬರಿ ಆಗುವವರಿಗೆ ಒಂದು ವಿಷಯ. ಅಮೆರಿಕದ ಅರ್ವ್ ಗಾರ್ಡನ್ ಅನ್ನುವವರು ತಮ್ಮ 1966ರ ವೋಲ್ವೊ ಪಿ1800 ಕಾರಿನಲ್ಲಿ 2013ರಲ್ಲಿ 30 ಲಕ್ಷ ಮೈಲಿ ಮುಟ್ಟಿದರು, ಸುಮಾರು 48 ಲಕ್ಷ ಕಿಲೋಮೀಟರ್! ಹೊಸದಾಗಿ ಕೊಂಡ ಅದೇ ಕಾರು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಉದ್ದುದ್ದ ದಾರಿಯಲ್ಲಿ ಓಡಿಸಿದ ಇಂಜಿನ್ ಸುಲಭಕ್ಕೆ ಸವೆಯಲ್ಲ. ದಿನಾ ಎರಡು ಕಿ.ಮೀ. ಓಡಿ ಬಿಸಿಯಾಗುವ ಮೊದಲೇ ನಿಲ್ಲುವ ಕಡಿಮೆ ಮೀಟರಿನ ಗಾಡಿ ಇದಕ್ಕಿಂತ ಬೇಗ ಹಾಳಾಗಿರಬಹುದು. ಅದರ ಆಯಿಲಿನಲ್ಲಿ ನೀರು, ಪೆಟ್ರೋಲ್ ಸೇರಿ ಹಾಗೇ ಉಳಿದಿರುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲು ಹೊರಟವರು ಇದನ್ನು ನೆನಪಿಡಬೇಕು. ನಿಮ್ಮ ಗಾಡಿಯ ಕಾಯಿಲೆ ಏನು ಅಂತ ನಿಮಗೆ ಗೊತ್ತು. ಬೇರೆಯವರು ಮಾರುತ್ತಿರುವ ಗಾಡಿ ಯಾಕೆ ಮಾರಾಟಕ್ಕೆ ಬಂತು ಅಂತ ಗೊತ್ತಾ? ಅದಕ್ಕೂ ಗೇರ್ ಸ್ಲಿಪ್ ಆಗುತ್ತಿರಬಹುದು, ಅಲ್ವಾ?

ಗ್ರೀಸ್‌ಕೈ

ದೂರದಾರಿ ಹೇಳಿದ್ದು ಸರಿ. ಗಾರ್ಡನ್ ಅವರ ವಿಷಯದಲ್ಲಿ ಒಂದು ಸೇರಿಸುತ್ತೇನೆ. ಆ ಮನುಷ್ಯ ಬೇಕಾದಾಗಲೆಲ್ಲ ಕೆಲಸ ಮಾಡಿಸುತ್ತಾ ಬಂದವರು. ಏನೂ ಮಾಡಿಸದೆ ಅಷ್ಟು ದೂರ ಓಡಿಸಿದ್ದಲ್ಲ. ಬದಲಿ ಗಾಡಿ ನೋಡುವುದಾದರೆ ಅದನ್ನೂ ಲಿಫ್ಟಿಗೆ ಏರಿಸಿ, ಇದೇ ತಪಾಸಣೆ ಮಾಡಿಸಿ. ಅಡಿಯಲ್ಲಿ ಹೊಸದಾಗಿ ಕಪ್ಪು ಅಂಡರ್‌ಕೋಟ್ (ತುಕ್ಕು ತಡೆಯುವ ಲೇಪ) ಬಳಿದಿದ್ದರೆ ಇನ್ನೂ ಬಲವಾಗಿ ಒತ್ತಿ ನೋಡಿ. ಮಾರುವ ಮುಂಚೆ ಅದನ್ನು ಯಾಕೆ ಬಳಿದರು ಅಂತ ಕೇಳಿ. ತಪಾಸಣೆಗೆ ಒಪ್ಪದ ಮಾರಾಟಗಾರರಿದ್ದರೆ ನಮಸ್ಕಾರ ಹೇಳಿ ಬನ್ನಿ.

ಏಳುಸೀಟು

ತಪಾಸಣೆ ಆಯಿತು. ನಾನೂ ಮಗಳೂ ಪಕ್ಕದಲ್ಲೇ ನಿಂತಿದ್ದೆವು. ಒಂದೊಂದಾಗಿ ಬರೆಯುತ್ತೇನೆ.

ಗೇರ್‌ಬಾಕ್ಸ್ ಆಯಿಲ್ ಕಡಿಮೆ ಇತ್ತು. ರೇಡಿಯೇಟರ್ ಕಡೆಗೆ ಹೋಗುವ ಪೈಪಿನ ಜೋಡಣೆಯಲ್ಲಿ ಸೋರಿಕೆ. ಅದರ ಸುತ್ತ ಎಣ್ಣೆ ಒದ್ದೆಯಾಗಿ ಧೂಳು ದಪ್ಪಗೆ ಕಟ್ಟಿಕೊಂಡಿತ್ತು. ನೆಲಕ್ಕೆ ಬೀಳುವಷ್ಟು ಇಲ್ಲ, ಅದಕ್ಕೇ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆಯಿಲ್ ಬಣ್ಣ ಕಂದು, ಕಪ್ಪಲ್ಲ. ಸುಟ್ಟ ವಾಸನೆ ಇಲ್ಲ. ಮ್ಯಾಗ್ನೆಟ್ ಮೇಲೆ ಬರೀ ಬೂದು ಕೆಸರು, ಬೆರಳಿಗೆ ನುಣ್ಣಗೆ ಸಿಕ್ಕಿತು. ಒಳಗಿನ ಕೋಡ್ ಓದಿದಾಗ ಒಂದು ಶಿಫ್ಟ್ ಸೊಲೆನಾಯ್ಡಿನದು ಬಂತು.

ಇಂಜಿನ್ ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ ಒಂದೇ. ಕೂಲೆಂಟ್ ಸ್ವಚ್ಛ. ಹೊಗೆ ಇಲ್ಲ.

ಕೆಟ್ಟ ಸುದ್ದಿ ಅಡಿಯಲ್ಲಿ. ಎಡಗಡೆ ಹಿಂದಿನ ಬಾಗಿಲ ಕೆಳಗೆ, ಜಾಕ್ ಇಡುವ ಜಾಗದ ಹತ್ತಿರ, ಸ್ಕ್ರೂ ಡ್ರೈವರ್ ಒಳಗೆ ಹೋಯಿತು. ಹಿಂದಿನ ಬ್ರೇಕ್ ಪೈಪ್ ತುಕ್ಕು ಹಿಡಿದು ಉಬ್ಬಿದೆ. ಹಿಂದಿನ ಒಂದು ಬೇರಿಂಗ್ ಗುಂಯ್ ಅನ್ನುತ್ತಿದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವ ಬಿಲ್ ಹುಡುಕಿದೆ, 1,20,000 ಕಿ.ಮೀ. ಹೊತ್ತಿನದು.

ಇಎಸ್‌ಸಿ ಇದೆ. ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನ ತನಕ ಬರುತ್ತದೆ. ಏರ್‌ಬ್ಯಾಗ್ ರೀಕಾಲ್ ಪಟ್ಟಿಯಲ್ಲಿ ಇತ್ತು! ಪುಕ್ಕಟೆ ಬದಲಿಸಿಕೊಡುತ್ತಾರಂತೆ, ದಿನ ಕೊಟ್ಟಿದ್ದಾರೆ. ಕೇಳಿ ಅಂತ ಹೇಳಿದ್ದಕ್ಕೆ ರಾತ್ರಿಪಾಳಿ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ರಾತ್ರಿಪಾಳಿ

ಓದಿ ಸಮಾಧಾನ ಆಯಿತು. ಅದು ಬದಲಾಗುವ ತನಕ ಆ ಏರ್‌ಬ್ಯಾಗಿನ ಮುಂದಿನ ಸೀಟಿನಲ್ಲಿ ಯಾರು ಕೂರಬಹುದು, ಗಾಡಿ ಓಡಿಸಬಹುದಾ ಅಂತ ಕಂಪನಿಯನ್ನೇ ಸ್ಪಷ್ಟವಾಗಿ ಕೇಳಿ. ಕೆಲವು ಗಾಡಿಗಳಿಗೆ ಓಡಿಸಲೇಬೇಡಿ ಅಂತ ಹೇಳಿದ್ದುಂಟು. ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಟೈರಿನ ಗೀರುಗಳು ಆಳ ಇದ್ದರೂ ರಬ್ಬರ್ ಮುದಿಯಾಗಿ ಬಿರುಕು ಬಿಟ್ಟಿರಬಹುದು.

ಗ್ರೀಸ್‌ಕೈ

ಅಮ್ಮ, ಸಿಲ್‌ನಲ್ಲಿ ಸ್ಕ್ರೂ ಡ್ರೈವರ್ ಹೋಗಿದ್ದು ಹೊರಗಿನ ತಗಡಿಗಾ, ಒಳಗಿನದಕ್ಕೂ ಹೋಯಿತಾ? ಹಿಂದಿನ ಆಕ್ಸಲ್ ಕೂರುವ ಜಾಗ ಹೇಗಿದೆ? ನಿಮ್ಮ ಇಡೀ ತೀರ್ಮಾನ ಈ ಉತ್ತರದ ಮೇಲೆ ನಿಂತಿದೆ.

ಏಳುಸೀಟು

ಕೇಳಿಕೊಂಡು ಬಂದೆ. ಹೊರಗಿನ ತಗಡು ಮಾತ್ರ, ಅಂಗೈಯಷ್ಟು ಜಾಗ. ಒಳಗಿನದು ಗಟ್ಟಿ. ಆಕ್ಸಲ್ ಕೂರುವ ಎರಡೂ ಕಡೆ ಸುತ್ತಿಗೆಯಿಂದ ತಟ್ಟಿ ತೋರಿಸಿದರು, ಗಟ್ಟಿ ಸದ್ದು ಬಂತು. ಮೇಲ್ಮೈ ತುಕ್ಕು ಇದೆ ಅಷ್ಟೇ.

ಗ್ರೀಸ್‌ಕೈ

ಹಾಗಿದ್ದರೆ ಈ ಗಾಡಿ ಇಟ್ಟುಕೊಳ್ಳುವಂಥದ್ದು. ಆಕ್ಸಲ್ ಜಾಗದಲ್ಲಿ ಕೊಳೆತಿದೆ ಅಂತ ಬರೆದಿದ್ದರೆ, ಗೇರ್‌ಬಾಕ್ಸ್ ಪುಕ್ಕಟೆ ಮಾಡಿಕೊಡುತ್ತೇನೆ ಅಂದರೂ ಬೇಡ ಅನ್ನುತ್ತಿದ್ದೆ.

ಈಗ ಯಾವುದು ಮೊದಲು ಅನ್ನುವುದು ಮುಖ್ಯ. ಬ್ರೇಕ್ ಪೈಪ್ ಈ ಚರ್ಚೆಗೇ ಸೇರಿದ್ದಲ್ಲ. ಅದು ಉಬ್ಬಿದೆ ಅಂದರೆ ಗೋಡೆ ತೆಳ್ಳಗಾಗಿದೆ. ನೀವು ಜೋರಾಗಿ ಪೆಡಲ್ ತುಳಿದಾಗಲೇ ಒತ್ತಡ ಜಾಸ್ತಿ, ಅಂದರೆ ಒಡೆಯುವುದೂ ತೀರಾ ಬೇಕಾದ ಗಳಿಗೆಯಲ್ಲೇ. ಅದು ಬದಲಾಗುವ ತನಕ ಗಾಡಿ ತೆಗೆಯಬೇಡಿ. ಕಂಡೂ ಕಂಡೂ ಓಡಿಸಿದರೆ ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗೆ. ಮಾರುವುದಿದ್ದರೂ ಇದನ್ನು ಮಾಡಿಸಿಯೇ ಮಾರಿ, ಕೊಳ್ಳುವವರ ಮನೆಯಲ್ಲೂ ಮಕ್ಕಳಿರುತ್ತಾರೆ.

ಅದಾದ ಮೇಲೆ ಗೇರ್‌ಬಾಕ್ಸಿನ ಸೋರಿಕೆ ನಿಲ್ಲಿಸಿ, ಸೊಲೆನಾಯ್ಡ್ ಬದಲಿಸಿ, ಫಿಲ್ಟರ್ ಹಾಕಿ, ಹೊಸ ಆಯಿಲ್ ತುಂಬಿಸಿ. ಮಿಷಿನ್ ಹಾಕಿ ಒತ್ತಡದಲ್ಲಿ ತೊಳೆಯುವುದು ನನಗೆ ಇಷ್ಟ ಇಲ್ಲ. ಹಳೆ ಆಯಿಲ್ ಇಳಿಸಿ ಹೊಸದು ತುಂಬಿಸಿದರೆ ಸಾಕು, ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಹಾಗೇ ಮಾಡಿ. ಎರಡರಿಂದ ಮೂರಕ್ಕೆ ಶುದ್ಧವಾಗಿ ಬೀಳುತ್ತಿದೆ ಅಂತ ಖಾತ್ರಿ ಆದ ಕೂಡಲೇ ಟೈಮಿಂಗ್ ಬೆಲ್ಟ್.

ಬೆಲ್ಟನ್ನು ಮೊದಲೇ ಯಾಕೆ ಹಾಕಬಾರದು ಅಂತ ಕೇಳಬಹುದು. ಗೇರ್‌ಬಾಕ್ಸ್ ಒಳಗೇ ಹೋಗಿದೆ ಅಂತ ಆಮೇಲೆ ಗೊತ್ತಾದರೆ ಬೆಲ್ಟಿನ ದುಡ್ಡೂ ಅದರ ಜೊತೆಗೆ ಮುಳುಗುತ್ತದೆ. ಆದರೆ ತಡ ಮಾಡುವ ಹಾಗೂ ಇಲ್ಲ. 1,20,000ಕ್ಕೆ ಹಾಕಿದ ಬೆಲ್ಟು ಈಗ 1,40,000 ಓಡಿದೆ. ಎಷ್ಟು ಕಿ.ಮೀ.ಗೆ, ಎಷ್ಟು ವರ್ಷಕ್ಕೆ ಬದಲಿಸಬೇಕು ಅಂತ ನಿಮ್ಮ ಗಾಡಿಯ ಪುಸ್ತಕದಲ್ಲಿ ಎರಡೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದೇ ಗಡುವು. ಎಷ್ಟೋ ಇಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಹೊಡೆಯುತ್ತದೆ. ಅಲ್ಲಿಗೆ ಇಂಜಿನ್ ಮುಗಿಯಿತು. ಅದನ್ನು ಹಾಕುವ ತನಕ ಹೈವೇಗೆ ಹೋಗಬೇಡಿ. ಬೆಲ್ಟಿನ ಜೊತೆಗೇ ಟೆನ್ಷನರ್, ಐಡ್ಲರ್ (ಬೆಲ್ಟನ್ನು ಬಿಗಿಯಾಗಿ, ದಾರಿಯಲ್ಲಿ ಇಡುವ ರಾಟೆಗಳು), ಮತ್ತು ವಾಟರ್ ಪಂಪ್ ಅದೇ ಬೆಲ್ಟಿನಲ್ಲಿ ತಿರುಗುವುದಾದರೆ ಪಂಪನ್ನೂ ಹಾಕಿಸಿ. ಬಿಚ್ಚುವ ಕೂಲಿ ಒಂದೇ. ಹಳೆ ಪಂಪ್ ಮುಂದಿನ ವರ್ಷ ಸೋರಿದರೆ ಅದೇ ಕೂಲಿಯನ್ನು ಎರಡನೇ ಸಲ ಕೊಡಬೇಕು.

ಸಿಲ್ ವಿಷಯ. ಕೊಳೆತಿದ್ದನ್ನು ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ಪುಟ್ಟಿ ಮೆತ್ತಿ ಬಣ್ಣ ಹೊಡೆಯುವವರ ಹತ್ತಿರ ಹೋಗಬೇಡಿ. ಪುಟ್ಟಿಯ ಹಿಂದೆ ನೀರು ನಿಂತು ಒಳಗಿನ ತಗಡನ್ನೂ ತಿನ್ನುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಿಸಿ. ಬೇರಿಂಗ್ ಸುಲಭದ ಕೆಲಸ.

ಹೆಡ್‌ಲೈಟ್

ಇದೆಲ್ಲ ಕೂಡಿದರೆ ಗೇರ್‌ಬಾಕ್ಸ್ ಖರ್ಚಿಗೇ ಬಂದು ನಿಲ್ಲಲ್ವಾ?

ಏಳುಸೀಟು

ನಿಲ್ಲಲ್ಲ. ಕೊಟೇಷನ್ ಬಂದಿದೆ. ಬ್ರೇಕ್ ಪೈಪ್, ಗೇರ್‌ಬಾಕ್ಸ್ ಕೆಲಸ, ಬೆಲ್ಟ್ ಸೆಟ್, ಬೇರಿಂಗ್, ವೆಲ್ಡಿಂಗ್ ಎಲ್ಲ ಸೇರಿ ಮೊದಲಿನವರು ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಲೆಕ್ಕದಪುಸ್ತಕ ಸರ್ ಹೇಳಿದ ಹಾಗೆ ನಮ್ಮ ಅಂಕಿಗಳನ್ನು ಹಾಕಿ ನೋಡಿದೆವು. ಗಾಡಿ ಒಂದೂವರೆ ವರ್ಷ ಓಡಿದರೂ ಬದಲಿ ಗಾಡಿಗಿಂತ ಕಡಿಮೆಗೆ ಬರುತ್ತದೆ.

ಯಜಮಾನರು ಒಪ್ಪಿದ್ದಾರೆ, ಆದರೆ ಅವರದೂ ಒಂದು ಷರತ್ತು ಇದೆ. ಇನ್ನೊಂದು ದೊಡ್ಡ ಕೆಲಸ ಬಂದರೆ ಮತ್ತೆ ಈ ಚರ್ಚೆ ಬೇಡ, ಮಾರಿಬಿಡುವುದು. ನನಗೆ ಅದು ನ್ಯಾಯ ಅನ್ನಿಸಿತು.

ಲೆಕ್ಕದಪುಸ್ತಕ

ಷರತ್ತು ಒಳ್ಳೆಯದು, ಆದರೆ ದೊಡ್ಡ ಕೆಲಸ ಅಂದರೆ ಯಾವುದು ಅಂತ ಈಗಲೇ ಬರೆದಿಡಿ. ಗಾಡಿ ಕೆಟ್ಟು ನಿಂತ ದಿನ ಯಾರಿಗೂ ತಲೆ ಓಡಲ್ಲ. ಹೋದ ತಿಂಗಳು ಇಷ್ಟು ಹಾಕಿದ್ದೇವೆ, ಈಗ ಬಿಟ್ಟರೆ ಅದೂ ಹೋಗುತ್ತದೆ ಅಂತ ಮತ್ತೆ ಹಾಕುತ್ತೀರಿ. ಹಾಕಿದ ದುಡ್ಡು ಆಗಲೇ ಹೋಗಿದೆ, ಮುಂದಿನ ಲೆಕ್ಕದಲ್ಲಿ ಅದು ಬರಬಾರದು. ಎಲ್ಲರೂ ಎಡವುವುದು ಇಲ್ಲೇ.

ಇನ್ನೊಂದು. ಹೊಸ ಗಾಡಿ ತಂದಿದ್ದರೆ ಕಟ್ಟಬೇಕಾಗಿದ್ದ ಕಂತಿನಲ್ಲಿ ಅರ್ಧವನ್ನಾದರೂ ಈ ತಿಂಗಳಿನಿಂದ ಬೇರೆ ಖಾತೆಗೆ ಹಾಕುತ್ತಾ ಹೋಗಿ. ರಿಪೇರಿ ಬಂದರೆ ಅದರಿಂದ ತೆಗೆಯಿರಿ. ಬರದಿದ್ದರೆ ಮುಂದಿನ ಗಾಡಿಗೆ ಸಾಲ ಅಷ್ಟು ಕಡಿಮೆ. ಈ ಖಾತೆ ಇಲ್ಲದೆ ಹಳೆ ಗಾಡಿ ಇಟ್ಟುಕೊಂಡರೆ ಉಳಿದ ದುಡ್ಡು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ.

ಗ್ರೀಸ್‌ಕೈ

ನನ್ನ ಕಡೆಯಿಂದ ಮಾರುವ ಪಟ್ಟಿ. ಗೇರ್‌ಬಾಕ್ಸ್ ಆಯಿಲಿನಲ್ಲಿ ಲೋಹದ ಚೂರು ಅಥವಾ ಸುಟ್ಟ ವಾಸನೆ. ಇಂಜಿನ್ ಆಯಿಲಿನಲ್ಲಿ ಕೂಲೆಂಟ್. ಆಕ್ಸಲ್, ಸಸ್ಪೆನ್ಷನ್ ಕೂರುವ ಜಾಗದಲ್ಲಿ ಕೊಳೆತ ಲೋಹ. ಈ ಮೂರರಲ್ಲಿ ಯಾವುದು ಬಂದರೂ ಬಿಟ್ಟುಬಿಡಿ. ಆಲ್ಟರ್ನೇಟರ್, ಸ್ಟಾರ್ಟರ್, ರೇಡಿಯೇಟರ್, ಬುಷ್, ಶಾಕ್ ಅಬ್ಸಾರ್ಬರ್, ಇವೆಲ್ಲ ಯಾವ ಗಾಡಿಗಾದರೂ ಬರುವ ಕೆಲಸ. ಬಂದ ತಕ್ಷಣ ಹೆದರಬೇಡಿ, ಮಾಡಿಸಿ. ವರ್ಷಕ್ಕೊಮ್ಮೆ ಲಿಫ್ಟಿಗೆ ಏರಿಸಿ ಸ್ಕ್ರೂ ಡ್ರೈವರ್ ಪರೀಕ್ಷೆ ತಪ್ಪಿಸಬೇಡಿ.

ಏಳುಸೀಟು

ಬರೆದುಕೊಂಡೆ ಸರ್. ಬ್ರೇಕ್ ಪೈಪ್ ನಾಳೆ ಹಾಕುತ್ತಾರೆ, ಗಾಡಿ ಅಲ್ಲೇ ಬಿಟ್ಟು ಬಂದಿದ್ದೇವೆ. ಒಂದು ಕೊನೆಯ ಪ್ರಶ್ನೆ. ಗೇರ್‌ಬಾಕ್ಸಿಗೆ ಎಲ್ಲ ಗಾಡಿಗೂ ಆಗುವ ಆಯಿಲ್ ಹಾಕುತ್ತೇವೆ, ಬೆಲೆ ಕಡಿಮೆ ಅನ್ನುತ್ತಿದ್ದಾರೆ. ಆಗುತ್ತದಾ?

ಗ್ರೀಸ್‌ಕೈ

ಬೇಡಮ್ಮ. ಪುಸ್ತಕದಲ್ಲಿ ಯಾವ ಸ್ಪೆಸಿಫಿಕೇಷನ್ ಬರೆದಿದೆಯೋ ಅದೇ ಇರಲಿ, ಡಬ್ಬದ ಮೇಲೆ ಅದರ ಹೆಸರು ಓದಿ ನೋಡಿ. ಆಯಿಲಿನ ಜಾರುವ ಗುಣಕ್ಕೆ ತಕ್ಕ ಹಾಗೆ ಆ ಗೇರ್‌ಬಾಕ್ಸಿನ ಕ್ಲಚ್ ಮಾಡಿರುತ್ತಾರೆ. ಬೇರೆ ಹಾಕಿದರೆ ಸೊಲೆನಾಯ್ಡ್ ಬದಲಿಸಿದ ಮೇಲೂ ಜರ್ಕ್ ಉಳಿಯಬಹುದು, ಆಗ ತಪ್ಪು ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ಇಳಿಸಿದ ಆಯಿಲನ್ನು ಅಳೆದು ಇಡಲು ಹೇಳಿ. ಹೊಸದು ಎಷ್ಟು ಹೋಗಬೇಕು ಅನ್ನುವುದಕ್ಕೆ ಅದು ಒಂದು ಅಂದಾಜು, ಸೋರಿ ಹೋದಷ್ಟನ್ನು ಅದಕ್ಕೆ ಸೇರಿಸಬೇಕು. ಕೊನೆಗೆ ಇಂಜಿನ್ ಆನ್ ಮಾಡಿ, ಎಲ್ಲ ಗೇರಿಗೂ ಒಮ್ಮೆ ಹಾಕಿ ತೆಗೆದು, ಪುಸ್ತಕ ಹೇಳುವ ಬಿಸಿಗೆ ಬಂದಾಗ ಮಟ್ಟ ನೋಡಲಿ. ನೀವು ಅಲ್ಲೇ ಇರಿ. ಓಡಿಸಿ ನೋಡಿದ ಮೇಲೆ ತಣ್ಣಗಿರುವಾಗ ತಿರುವಿನಲ್ಲಿ ಹೇಗೆ ಎಳೆಯಿತು ಅಂತ ಇಲ್ಲಿ ಬರೆಯಿರಿ, ಅದನ್ನು ನೋಡಿ ಬೆಲ್ಟಿಗೆ ಕೈ ಹಾಕಬಹುದಾ ಅಂತ ಹೇಳುತ್ತೇನೆ.